ಅಣಬೆ ಚೀಲದ ಮೇಲೆ ಹಾಕುವ ಮಣ್ಣು ಗೊಬ್ಬರವೇ? ಕೇಸಿಂಗ್ ಹದ ತಪ್ಪಿದರೆ ಬೆಳೆ ಯಾಕೆ ಕೈಕೊಡುತ್ತದೆ?

ಹಾಸನದಿಂದ ಬೇಲೂರಿಗೆ ಹೋಗುವಾಗ ಹಗರೆ ಸಿಗುತ್ತದೆ. ಹಳೇಬೀಡಿಗೆ ಹೋಗುವವರು ಇಲ್ಲಿ ತಿರುಗಿಕೊಳ್ಳುತ್ತಾರೆ. ಮುಂಗಾರಿನ ಮೊದಲ ಮಳೆ ಬಿದ್ದು ನಾಲ್ಕು ದಿನ ಮೋಡ ಕವಿದರೆ ಸಾಕು, ಈ ಭಾಗದ ಹೊಲದ ಬದುಗಳಲ್ಲಿ ಹುತ್ತ ಹುಡುಕುತ್ತಾ ಓಡಾಡುವವರು ಕಾಣುತ್ತಾರೆ. ಹುತ್ತದ ಅಣಬೆಯ ಸಾರಿನ ರುಚಿ ಕಂಡವರಿಗೆ ಆ ನಾಲ್ಕು ದಿನ ಬೇರೆ ಕೆಲಸ ನೆನಪಾಗುವುದಿಲ್ಲ.

ಹೀಗೆ ಮಣ್ಣಿನಿಂದ ಏಳುವ ಅಣಬೆಯನ್ನು ನೋಡುತ್ತಾ ಬೆಳೆದ ನಮಗೆಲ್ಲ ಒಂದು ನಂಬಿಕೆ ತಾನಾಗಿಯೇ ಬಂದುಬಿಟ್ಟಿದೆ: ಅಣಬೆ ಮಣ್ಣಿನ ಬೆಳೆ, ಮಣ್ಣು ಫಲವತ್ತಾಗಿದ್ದಷ್ಟೂ ಅಣಬೆ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಹಾಲು ಅಣಬೆ ಬೆಳೆಯಲು ಹೊರಟವರಲ್ಲಿ ಬಹಳ ಜನ ಸೋಲುವುದು ಈ ನಂಬಿಕೆಯಿಂದಲೇ. ಹುಲ್ಲು ಬೇಯಿಸಿ, ಬೀಜ ಹಾಕಿ, ಹದಿನೈದಿಪ್ಪತ್ತು ದಿನ ಕಾದು, ಚೀಲ ಪೂರ್ತಿ ಬೆಳ್ಳಗಾದ ಮೇಲೆ 'ಕೇಸಿಂಗ್' ಹಾಕುವ ದಿನ ಬರುತ್ತದೆ. ಆಗ ಒಳ್ಳೆಯದಾಗಲಿ ಎಂದು ಹಿತ್ತಲಿನ ತಿಪ್ಪೆಗೊಬ್ಬರವನ್ನೋ, ಎರೆಗೊಬ್ಬರವನ್ನೋ, ಹುತ್ತದ ಮಣ್ಣನ್ನೋ ಸೇರಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಬಿಳಿ ಇದ್ದದ್ದು ಹಸಿರಾಗಿರುತ್ತದೆ. ಬೀಜ, ಸೌದೆ, ದುಡಿಮೆ ಎಲ್ಲವೂ ಹೋಯಿತು.

ಹಾಗಾದರೆ ಕೇಸಿಂಗ್ ಎಂದರೇನು? ಅದು ಗೊಬ್ಬರವಲ್ಲದಿದ್ದರೆ ಹಾಕುವುದಾದರೂ ಯಾಕೆ?

ಊಟ ಕೆಳಗಿದೆ, ಮಣ್ಣಿನಲ್ಲಿಲ್ಲ

ನಾವು ಅಣಬೆ ಎಂದು ಕಿತ್ತು ತಿನ್ನುವುದು ಶಿಲೀಂಧ್ರದ ಹಣ್ಣನ್ನು ಮಾತ್ರ. ಗಿಡ ಅನ್ನಬಹುದಾದ ಭಾಗ ಚೀಲದೊಳಗೆ ಹುಲ್ಲನ್ನು ಸುತ್ತಿಕೊಂಡಿರುವ ಬಿಳಿ ಎಳೆಗಳು. ಈ ಎಳೆಗಳಿಗೆ ಬೇಕಾದ ಊಟವೆಲ್ಲ ಭತ್ತದ ಹುಲ್ಲಿನಲ್ಲೇ ಇದೆ. ಊಟ ಸಮೃದ್ಧವಾಗಿರುವವರೆಗೆ ಎಳೆಗಳು ಹಬ್ಬುತ್ತಲೇ ಇರುತ್ತವೆ, ಹಣ್ಣು ಬಿಡುವ ಗೋಜಿಗೆ ಹೋಗುವುದಿಲ್ಲ. ಹಬ್ಬುತ್ತಾ ಮೇಲೆ ಬಂದು ಊಟವೇ ಇಲ್ಲದ, ಆದರೆ ನೀರು ಮತ್ತು ಗಾಳಿ ಇರುವ ಒಂದು ಪದರ ಸಿಕ್ಕಾಗ ಅವುಗಳ ನಡವಳಿಕೆ ಬದಲಾಗುತ್ತದೆ. ಎಳೆಗಳು ಒಟ್ಟುಗೂಡಿ ದಪ್ಪ ಹುರಿಗಳಾಗುತ್ತವೆ, ಹುರಿಗಳಲ್ಲಿ ಗುಂಡುಸೂಜಿಯ ತಲೆಯಷ್ಟು ಮೊಗ್ಗು ಮೂಡುತ್ತದೆ.

ಕೇಸಿಂಗ್ ಎಂದರೆ ಆ ಊಟವಿಲ್ಲದ ಪದರ. ಅದು ಬಡವಾಗಿರಬೇಕು, ಬೇಕೆಂದೇ ಬಡವಾಗಿರಬೇಕು. ಅದಕ್ಕೆ ಹಸಿ ಗೊಬ್ಬರ ಸೇರಿಸಿದರೆ ಎರಡು ನಷ್ಟ. ಹಣ್ಣು ಬಿಡು ಎಂಬ ಸೂಚನೆ ಮಂಕಾಗುತ್ತದೆ. ಗೊಬ್ಬರವನ್ನು ತಿನ್ನಲು ಬೇರೆ ಬೂಸ್ಟುಗಳು ಓಡೋಡಿ ಬರುತ್ತವೆ. ಬಟನ್ ಅಣಬೆ ಬೆಳೆಯುವ ಕಡೆ ಕೊಟ್ಟಿಗೆ ಗೊಬ್ಬರವನ್ನು ಕೇಸಿಂಗ್‌ಗೆ ಬಳಸುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ, ಬಳಸುತ್ತಾರೆ. ಆದರೆ ಅದು ಎರಡು ವರ್ಷ ಕೊಳೆತು ಸತ್ವವೆಲ್ಲ ಹೋದ ಗೊಬ್ಬರ. ಅದು ಅಲ್ಲಿರುವುದು ನೀರು ಹಿಡಿಯಲಿಕ್ಕೆ, ಊಟಕ್ಕಲ್ಲ.

ಎರಡು ಸೆಂಟಿಮೀಟರ್ ದಪ್ಪದ ನೀರಿನ ತೊಟ್ಟಿ

ಅಣಬೆಯ ತೂಕದಲ್ಲಿ ಸುಮಾರು ನೂರಕ್ಕೆ 90ರಷ್ಟು ನೀರು. ಅಂದರೆ ಒಂದು ಚೀಲದಿಂದ ಅರ್ಧ ಕೆ.ಜಿ. ಅಣಬೆ ಕೊಯ್ದರೆ, ಹೆಚ್ಚುಕಡಿಮೆ 450 ಮಿ.ಲೀ. ನೀರನ್ನು ಹೊರತೆಗೆದಂತೆ. ಅದರಲ್ಲಿ ಒಂದಷ್ಟು ಹುಲ್ಲಿನಿಂದ ಬರುತ್ತದೆ, ಇನ್ನೊಂದಷ್ಟು ಮೇಲಿನ ಮಣ್ಣಿನಿಂದ. ಹುಲ್ಲಿಗೆ ನೇರವಾಗಿ ನೀರು ಹಾಕುವಂತಿಲ್ಲ, ಹಾಕಿದರೆ ಕೊಳೆಯುತ್ತದೆ. ಮಣ್ಣಿಗೆ ಹಾಕಬಹುದು.

ಲೆಕ್ಕ ಹಾಕಿ ನೋಡೋಣ. ಚೀಲದ ಬಾಯಿ 30 ಸೆಂ.ಮೀ. ಅಗಲ, ಕೇಸಿಂಗ್ 2 ಸೆಂ.ಮೀ. ದಪ್ಪ ಎಂದಿಟ್ಟುಕೊಂಡರೆ ಅಲ್ಲಿರುವುದು ಸುಮಾರು 1.4 ಲೀಟರ್ ಮಣ್ಣು. ಅದರಲ್ಲಿ ಮೂರನೇ ಒಂದು ಭಾಗ ನೀರು ನಿಂತರೂ ಅರ್ಧ ಲೀಟರಿಗೆ ಹತ್ತಿರ. ಹಾಗಾಗಿ ಪದರ ತೆಳುವಾಗಿ ಒಂದು ಸೆಂ.ಮೀ.ಗಿಂತ ಕಡಿಮೆಯಾದರೆ ಮೊಗ್ಗು ಮೂಡಿದರೂ ಬಾಡಿಹೋಗುತ್ತದೆ. ದಪ್ಪ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ? ಅಲ್ಲ. ಎಳೆಗಳು ಮೇಲೆ ಬರಲು ಹೆಚ್ಚು ದಿನ ತಗಲುತ್ತದೆ, ತಳದಲ್ಲಿ ಗಾಳಿಯಾಡುವುದಿಲ್ಲ. ಹಾಲು ಅಣಬೆಗೆ ಎರಡು ಸೆಂ.ಮೀ. ಆಸುಪಾಸು ಸಾಕು, ಬಟನ್ ಅಣಬೆಗೆ ನಾಲ್ಕರವರೆಗೆ ಹಾಕುತ್ತಾರೆ. ದಪ್ಪಕ್ಕಿಂತಲೂ ಸಮವಾಗಿರುವುದು ಮುಖ್ಯ. ಒಂದು ಕಡೆ ಒಂದು ಸೆಂ.ಮೀ., ಇನ್ನೊಂದು ಕಡೆ ಮೂರು ಇದ್ದರೆ ತೆಳು ಇರುವಲ್ಲಿ ಅಣಬೆ ಕೊಯ್ಲಿಗೆ ಬಂದಾಗ ದಪ್ಪ ಇರುವಲ್ಲಿ ಎಳೆಗಳು ಇನ್ನೂ ಏಳುತ್ತಿರುತ್ತವೆ. ಆಗ ನೀರು ಕೊಡುವುದು ಯಾರ ಹದಕ್ಕೆ? ಕಡ್ಡಿಗೆ ಗುರುತು ಹಾಕಿಕೊಂಡು ಅಲ್ಲಲ್ಲಿ ಚುಚ್ಚಿ ಅಳೆಯುವುದು ಹಾಸ್ಯದ ಕೆಲಸವೇನಲ್ಲ.

ಮಣ್ಣಿನಲ್ಲಿರುವ ಸಹಾಯಕರು

ಕೇಸಿಂಗ್‌ನ ಮೂರನೆಯ ಕೆಲಸ ಎಲ್ಲಕ್ಕಿಂತ ಸ್ವಾರಸ್ಯದ್ದು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗೆರ್ಲಿಂಡ್ ಎಗರ್ ಎಂಬ ವಿಜ್ಞಾನಿ ಬಟನ್ ಅಣಬೆಯ ಮೇಲೆ ಪ್ರಯೋಗ ಮಾಡಿ, ಒಂದು ಸೂಕ್ಷ್ಮಾಣುವೂ ಉಳಿಯದಂತೆ ಶುದ್ಧ ಮಾಡಿದ ಕೇಸಿಂಗ್‌ನಲ್ಲಿ ಮೊಗ್ಗು ಮೂಡುವುದಿಲ್ಲ ಎಂದು ತೋರಿಸಿದರು. ಮಾಮೂಲಿ ಕೇಸಿಂಗ್‌ನಲ್ಲಿ ಮೂಡುತ್ತದೆ. ಅಂದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಏನೋ ಮಾಡುತ್ತಿವೆ. ಬ್ಯಾಕ್ಟೀರಿಯಾ ಇಲ್ಲದ ಕೇಸಿಂಗ್‌ಗೆ ಸಕ್ರಿಯ ಇದ್ದಿಲು ಬೆರೆಸಿದರೂ ಮೊಗ್ಗು ಬರುತ್ತದೆ ಎಂಬುದು ಮುಂದೆ ಗೊತ್ತಾಯಿತು. ಇದ್ದಿಲು ಏನನ್ನೂ ಕೊಡುವುದಿಲ್ಲ, ಹೀರಿಕೊಳ್ಳುತ್ತದೆ ಅಷ್ಟೇ. ಹಾಗಾದರೆ ಹೀರಿಕೊಂಡದ್ದು ಏನನ್ನು?

ಉತ್ತರ ಅಣಬೆಯ ವಾಸನೆಯಲ್ಲೇ ಇತ್ತು. ಹಸಿ ಅಣಬೆ ಮೂಗಿನ ಬಳಿ ಹಿಡಿದಾಗ ಬರುವ ಆ ಮಣ್ಣುಮಣ್ಣು ವಾಸನೆಗೆ ಮುಖ್ಯ ಕಾರಣ ಒಂದು-ಆಕ್ಟೀನ್-ಮೂರು-ಆಲ್ ಎಂಬ ಆವಿಯಾಗುವ ವಸ್ತು. ಶಿಲೀಂಧ್ರದ ಎಳೆಗಳೇ ಅದನ್ನು ಹೊರಬಿಡುತ್ತವೆ, ಮತ್ತು ಅದೇ ಅವುಗಳ ಮೊಗ್ಗನ್ನು ತಡೆಯುತ್ತದೆ. 2009ರಲ್ಲಿ ಬ್ರಿಟನ್ನಿನ ರಾಲ್ಫ್ ನೋಬಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ವಸ್ತುವಿಗೂ ಕೇಸಿಂಗ್‌ನ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳಿಗೂ ಮೊಗ್ಗು ಮೂಡುವುದಕ್ಕೂ ಇರುವ ನಂಟನ್ನು ವಿವರಿಸಿತು. ಬ್ಯಾಕ್ಟೀರಿಯಾ ಆ ತಡೆಯನ್ನು ತೆಗೆದುಹಾಕುತ್ತದೆ, ಗಾಳಿಯಾಟ ಉಳಿದದ್ದನ್ನು ಹೊತ್ತೊಯ್ಯುತ್ತದೆ.

ಇವೆಲ್ಲ ಬಟನ್ ಅಣಬೆಯ ಪ್ರಯೋಗಗಳು. ಆದರೂ ಮನೆಯವರಿಗೆ ಇದರಲ್ಲಿ ಒಂದು ಪಾಠವಿದೆ. ಕೇಸಿಂಗ್ ಮಣ್ಣನ್ನು ಹಬೆಯಲ್ಲಿ ಬೇಯಿಸುವುದು ಹುಳ, ಮೊಟ್ಟೆ, ಬೂಸ್ಟಿನ ಬೀಜಾಣು ಸಾಯಲಿ ಎಂದು. ಕುಕ್ಕರಿನಲ್ಲಿಟ್ಟು ಗಂಟೆಗಟ್ಟಲೆ ಸೀಟಿ ಹೊಡೆಸಿ ಮಣ್ಣನ್ನು ನಿರ್ಜೀವ ಮಾಡುವ ಅಗತ್ಯವಿಲ್ಲ. ಹಾಗೆ ಮಾಡಿದ ಖಾಲಿ ಮನೆಗೆ ಮೊದಲು ಬಂದು ಕೂರುವುದು ಒಳ್ಳೆಯವರೇ ಆಗಬೇಕೆಂದಿಲ್ಲ.

ಇಲ್ಲಿನ ಮಣ್ಣು, ಇಲ್ಲಿನ ನಾರು

ಹಾಲು ಅಣಬೆ, ಶಾಸ್ತ್ರೀಯ ಹೆಸರು ಕ್ಯಾಲೊಸೈಬೆ ಇಂಡಿಕಾ, ನಮ್ಮ ದೇಶದ್ದೇ ಅಣಬೆ. 1970ರ ದಶಕದಲ್ಲಿ ಪಶ್ಚಿಮ ಬಂಗಾಳದಲ್ಲಿ ಇದರ ಕೃಷಿಗೆ ಮೊದಲ ಯತ್ನ ನಡೆಯಿತು. ಮನೆಮನೆಗೆ ತಲುಪಿಸಿದ್ದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. 1998ರಲ್ಲಿ ಅದು ಎಪಿಕೆ-2 ಎಂಬ ತಳಿಯನ್ನು ಬಿಡುಗಡೆ ಮಾಡಿತು. 25ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಇದಕ್ಕೆ ಹಿತ. ಹಗರೆ ಸುತ್ತಮುತ್ತ ಅಂಥ ಹವೆ ಮಾರ್ಚ್‌ನಿಂದ ಮೇವರೆಗೆ. ಡಿಸೆಂಬರಿನ ಚಳಿಯಲ್ಲಿ ಕೇಸಿಂಗ್ ಎಷ್ಟೇ ಚೆನ್ನಾಗಿ ಹಾಕಿದರೂ ಮೊಗ್ಗು ಬರುವುದಿಲ್ಲ. ಆಗ ಸಿಂಪಿ ಅಣಬೆ ಬೆಳೆಯುವುದೇ ಮೇಲು. ಸಿಂಪಿ ಅಣಬೆಗೆ ಕೇಸಿಂಗ್ ಬೇಡವೇ ಬೇಡ, ಚೀಲದ ಪಕ್ಕದಿಂದಲೇ ಒಡೆಯುತ್ತದೆ. 'ಮಣ್ಣು ಹಾಕಿದರೆ ಇನ್ನೂ ಜಾಸ್ತಿ ಬರುತ್ತದೆ' ಎಂದು ಅದರ ಮೇಲೂ ಹಾಕುವವರಿದ್ದಾರೆ. ಕೊಳೆ ತಂದುಕೊಳ್ಳುವ ಸುಲಭ ದಾರಿ ಅದು. ಬಟನ್ ಅಣಬೆಗೆ ಕೊಯ್ಲಿನ ಹೊತ್ತಿಗೆ 16ರಿಂದ 18 ಡಿಗ್ರಿ ಬೇಕು. ತಂಪು ಕೋಣೆ ಇಲ್ಲದೆ ಮನೆಯಲ್ಲಿ ಅದಕ್ಕೆ ಕೈಹಾಕಬೇಡಿ ಎಂಬುದು ನಮ್ಮ ಅಭಿಪ್ರಾಯ.

ಕೇಸಿಂಗ್‌ಗೆ ರೂಢಿಯಲ್ಲಿರುವ ಮಿಶ್ರಣ ಮುಕ್ಕಾಲು ಭಾಗ ತೋಟದ ಮಣ್ಣು, ಕಾಲು ಭಾಗ ಮರಳು. ನಮ್ಮ ಕೆಂಪು ಮಣ್ಣಿನಲ್ಲಿ ಮರಳಿನ ಅಂಶ ಮೊದಲೇ ಇರುವುದರಿಂದ ಹಿಡಿ ಮಣ್ಣನ್ನು ಒದ್ದೆ ಮಾಡಿ ಉಂಡೆ ಕಟ್ಟಿ ನೋಡಿ. ಒಣಗಿದ ಮೇಲೆ ಕಲ್ಲಿನಂತಾದರೆ ಮರಳು ಬೇಕು. ಬೆರಳಲ್ಲಿ ಒತ್ತಿದರೆ ಪುಡಿಯಾದರೆ ಕಡಿಮೆ ಸಾಕು. ಹುತ್ತದ ಮಣ್ಣು ಸಾಮಾನ್ಯವಾಗಿ ಜಿಗುಟು ಜೇಡಿ. ನೀರು ಬಿದ್ದರೆ ಮೆತ್ತಿಕೊಂಡು ಹೆಪ್ಪು ಕಟ್ಟುತ್ತದೆ, ಒಣಗಿದರೆ ಬಿರಿಯುತ್ತದೆ. ಹುತ್ತದ ಅಣಬೆಯ ಗುಟ್ಟು ಆ ಮಣ್ಣಿನಲ್ಲಿಲ್ಲ. ಹುತ್ತದೊಳಗೆ ಗೆದ್ದಲುಗಳು ತಾವೇ ಸಾಕುವ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರದ ಹಣ್ಣು ಅದು. ಗೆದ್ದಲಿನ ಸಾಕಣೆ ಇಲ್ಲದ ಬರೀ ಮಣ್ಣು ಚೀಲಕ್ಕೆ ಏನನ್ನೂ ಕೊಡುವುದಿಲ್ಲ. ಹುತ್ತವನ್ನು ಹುತ್ತದ ಪಾಡಿಗೆ ಬಿಡುವುದಕ್ಕೆ ನಾಗಪ್ಪನ ಭಯವೊಂದೇ ಕಾರಣವಾಗಬೇಕಿಲ್ಲ.

ಪೂರ್ವಕ್ಕೆ ಅರಸೀಕೆರೆಯ ಕಡೆ ಹೋದರೆ ತೆಂಗಿನ ಸೀಮೆ. ನಾರು ಬಿಡಿಸಿದಾಗ ಉಳಿಯುವ ಕಂದು ಪುಡಿ, ಪೇಟೆಯಲ್ಲಿ ಕೊಕೊಪೀಟ್ ಎಂದು ಇಟ್ಟಿಗೆ ಮಾಡಿ ಮಾರುವ ಅದೇ ಪುಡಿ, ಕೇಸಿಂಗ್‌ಗೆ ಒಳ್ಳೆಯ ವಸ್ತು. ತನ್ನ ತೂಕದ ಐದಾರು ಪಟ್ಟು ನೀರು ಹಿಡಿದಿಟ್ಟುಕೊಂಡೂ ಒಳಗೆ ಗಾಳಿಗೆ ಜಾಗ ಬಿಡುತ್ತದೆ. ಐರೋಪ್ಯ ದೇಶಗಳ ಬೆಳೆಗಾರರು ಇದೇ ಗುಣಕ್ಕಾಗಿ ಜೌಗು ನೆಲದ ಪೀಟ್ ಬಳಸುತ್ತಾರೆ. ಆದರೆ ತೆಂಗಿನ ಪುಡಿಯಲ್ಲಿ ಪೊಟ್ಯಾಸಿಯಂ ಮೊದಲಾದ ಲವಣಗಳೂ ಕಂದು ಒಗರೂ ಇರುತ್ತವೆ. ನೀರಿನಲ್ಲಿ ನೆನೆಸಿ ಹಿಂಡುವುದನ್ನು ಮೂರು ಸಲವಾದರೂ ಮಾಡಿ. ಕೊನೆಯ ನೀರು ತಿಳಿ ಚಹಾದ ಬಣ್ಣಕ್ಕೆ ಬರಬೇಕು. ಮಣ್ಣಿನ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಮಣ್ಣು ಹೆಪ್ಪುಗಟ್ಟುವ ತೊಂದರೆಯೂ ತಪ್ಪುತ್ತದೆ.

ಇನ್ನೊಂದು ಎಚ್ಚರ ಈ ಭಾಗಕ್ಕೇ ವಿಶೇಷವಾದದ್ದು. ಶುಂಠಿ, ಆಲೂಗಡ್ಡೆ ಬೆಳೆಯುವವರು ಗಡ್ಡೆ ಕೊಳೆಯದಿರಲಿ ಎಂದು ಗೊಬ್ಬರಕ್ಕೆ ಟ್ರೈಕೊಡರ್ಮಾ ಬೆರೆಸಿ ಹೊಲಕ್ಕೆ ಹಾಕುತ್ತಾರೆ. ಬೇರೆ ಶಿಲೀಂಧ್ರಗಳನ್ನು ತಿಂದು ಬದುಕುವುದು ಟ್ರೈಕೊಡರ್ಮಾದ ಕಸುಬು. ಶುಂಠಿಗೆ ಅದು ಸ್ನೇಹಿತ. ಆದರೆ ಅಣಬೆಯೂ ಶಿಲೀಂಧ್ರವೇ ಅಲ್ಲವೇ? ಅಣಬೆ ಚೀಲಗಳನ್ನು ಹಾಳುಮಾಡುವ ಹಸಿರು ಬೂಸ್ಟು ಇದೇ ಟ್ರೈಕೊಡರ್ಮಾ ಕುಲದ್ದು. ಅಂಥ ಹೊಲದ ಮಣ್ಣನ್ನು ಕೇಸಿಂಗ್‌ಗೆ ತರಬೇಡಿ. ಟ್ರೈಕೊಡರ್ಮಾ ಸಿಂಪಡಿಸಿದ ಕೈಪಂಪಿನಲ್ಲಿ ಅಣಬೆಗೆ ನೀರು ಹೊಡೆಯಬೇಡಿ.

ಚಾಕ್ ಪುಡಿ ಎಂದರೆ ಯಾವ ಪುಡಿ?

ಹಸಿರು ಬೂಸ್ಟಿಗೆ ಹುಳಿ ಮಣ್ಣು ಇಷ್ಟ. ಆದ್ದರಿಂದ ಕೇಸಿಂಗ್ ಮಣ್ಣನ್ನು ತುಸು ಕ್ಷಾರದ ಕಡೆಗೆ, ಪಿಎಚ್ 8ರ ಆಸುಪಾಸಿಗೆ ತರುತ್ತಾರೆ. ಬೇಲೂರಿನಿಂದ ಪಶ್ಚಿಮಕ್ಕೆ ಮಳೆ ಹೆಚ್ಚಾದಂತೆ ಮಣ್ಣಿನ ಹುಳಿಯೂ ಹೆಚ್ಚುತ್ತದೆ, ಹಾಗಾಗಿ ಈ ಹೆಜ್ಜೆ ಬಿಡುವಂತಿಲ್ಲ. ಮಾಹಿತಿ ಕೈಪಿಡಿಗಳು ಇದಕ್ಕೆ 'ಚಾಕ್ ಪುಡಿ' ಹಾಕಿ ಎನ್ನುತ್ತವೆ. ಎಡವಟ್ಟಾಗುವುದು ಇಲ್ಲೇ.

ಬೇಕಾದದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಡದ ಸುಣ್ಣದ ಕಲ್ಲಿನ ಪುಡಿ. ಶಾಲೆಯ ಚಾಕ್‌ಪೀಸುಗಳಲ್ಲಿ ಹೆಚ್ಚಿನವು ಈಗ ಜಿಪ್ಸಂನವು, ಅದರಿಂದ ಹುಳಿ ಇಳಿಯುವುದಿಲ್ಲ. ಚಾಕ್ ಎಂದರೆ ಬಳಪವೇ ತಾನೇ ಎಂದು ಬಳಪದ ಪುಡಿ ಹಾಕಿದರೂ ಕೆಲಸವಾಗದು. ಹಳೇಬೀಡಿನ ಗುಡಿಯನ್ನು ಕಡೆದ ಬಳಪದ ಕಲ್ಲಿನ ಮುಖ್ಯ ಅಂಶ ಮೆಗ್ನೀಸಿಯಂ ಸಿಲಿಕೇಟ್. ಶಿಲ್ಪಕ್ಕೆ ಮೃದು, ಹುಳಿಗೆ ನಿರ್ಲಿಪ್ತ. ಅನುಮಾನ ಬಂದರೆ ಪುಡಿಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಬುರುಬುರು ನೊರೆ ಬಂದರೆ ಕಾರ್ಬೊನೇಟ್, ಸುಮ್ಮನಿದ್ದರೆ ಬೇರೇನೋ.

ಎಲೆಯಡಿಕೆಗೆ ಹಚ್ಚುವ ಸುಣ್ಣ ಹಾಕಬಹುದೇ? ಬೇಡ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್; ಪಿಎಚ್ಚನ್ನು 12ರವರೆಗೂ ಏರಿಸಿ ಎಳೆಗಳನ್ನೇ ಸುಟ್ಟುಬಿಡಬಲ್ಲದು. ಕಾರ್ಬೊನೇಟಿನ ಒಳ್ಳೆಯ ಗುಣವೆಂದರೆ ಅದು ನೀರಿನಲ್ಲಿ ಕರಗುವುದೇ ಕಡಿಮೆ, ಸ್ವಲ್ಪ ಹೆಚ್ಚೇ ಬಿದ್ದರೂ ಪಿಎಚ್ 8.3ರ ಸುಮಾರಿಗೆ ತಾನಾಗಿ ನಿಲ್ಲುತ್ತದೆ. ಹತ್ತು ಕೆ.ಜಿ. ಮಿಶ್ರಣಕ್ಕೆ 200–300 ಗ್ರಾಂ ಬೆರೆಸಿ, ಒಂದು ದಿನ ಬಿಟ್ಟು ಪಿಎಚ್ ಕಾಗದದಲ್ಲಿ ನೋಡಿ.

ಬೇಯಿಸುವುದು, ಹಾಕುವುದು, ಕಾಯುವುದು

ಮನೆಯ ಮಟ್ಟಿಗೆ ಮಣ್ಣಿಗೆ ಹಬೆಯೇ ಸರಿ. ದೊಡ್ಡ ಘಟಕಗಳು ಫಾರ್ಮಲಿನ್ ಬಳಸುವುದುಂಟು. ಅದರ ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮಕ್ಕಳು ಓಡಾಡುವ ಮನೆಯ ಹಿತ್ತಲಿಗೆ ಅದನ್ನು ತರುವುದೇ ಬೇಡ. ಬಚ್ಚಲಿನ ಹಂಡೆಯ ತಳಕ್ಕೆ ಕಲ್ಲಿಟ್ಟು, ನೀರು ಹಾಕಿ, ಮೇಲೆ ಗೋಣಿಚೀಲದಲ್ಲಿ ಒದ್ದೆ ಮಣ್ಣಿಟ್ಟು ಮುಚ್ಚಿ. ಹಬೆ ಚೆನ್ನಾಗಿ ಬರತೊಡಗಿದ ಮೇಲೆ ಒಂದು ಗಂಟೆ. ಪೂರ್ತಿ ಆರಿದ ಮೇಲಷ್ಟೇ, ತೊಳೆದ ಕೈಯಿಂದ ಚೀಲಕ್ಕೆ ಹಾಕಿ. ಬಿಸಿ ಮಣ್ಣು ಹಾಕಿದರೆ ಎಳೆಗಳೂ ಬೇಯುತ್ತವೆ.

ಚೀಲದೊಳಗೆ ಹುಲ್ಲು ಪೂರ್ತಿ ಬೆಳ್ಳಗಾಗಿರಬೇಕು. ಕಂದು ತೇಪೆಗಳಿದ್ದರೆ ಇನ್ನೆರಡು ದಿನ ಕಾಯಿರಿ. ಉದ್ದನೆಯ ಚೀಲವನ್ನು ಅಡ್ಡಲಾಗಿ ಕತ್ತರಿಸಿ ಎರಡು ಮಾಡಿಕೊಳ್ಳುವ ಪದ್ಧತಿಯೂ ಇದೆ. ಮಣ್ಣನ್ನು ಹಾಕಿ ಹರಡಿ, ಆದರೆ ತಟ್ಟಬೇಡಿ, ಒತ್ತಬೇಡಿ. ತಟ್ಟಿದ ಮಣ್ಣಿನಲ್ಲಿ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಮಣ್ಣಿನ ಹದ ಹೀಗಿರಲಿ: ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಇಣುಕಬೇಕು, ಧಾರೆಯಾಗಿ ಇಳಿಯಬಾರದು.

ಮೊದಲ ವಾರ ಎಳೆಗಳು ಕಣ್ಣಿಗೆ ಕಾಣದೆ ಮೇಲೇರುತ್ತಿರುತ್ತವೆ. ಈಗ ಕೋಣೆ ಬೆಚ್ಚಗಿರಲಿ, ಗಾಳಿ ಕಡಿಮೆ ಇರಲಿ, ನೀರು ಮಂಜಿನಂತೆ ಬೀಳಲಿ. ಚೊಂಬಿನಿಂದ ಸುರಿದರೆ ನೀರು ಕೇಸಿಂಗ್ ದಾಟಿ ಹುಲ್ಲಿಗಿಳಿದು, ಎರಡರ ನಡುವೆ ನಿಂತು ಎಳೆಗಳನ್ನು ಉಸಿರುಗಟ್ಟಿಸುತ್ತದೆ. ಮೇಲೆ ಎಲ್ಲ ಚೆನ್ನಾಗಿ ಕಂಡು ಒಳಗೆ ಹುಳಿ ವಾಸನೆ ಬಂದರೆ ಕಾರಣ ಇದೇ. ಹಾಕಿ ಹತ್ತು ದಿನದ ಹೊತ್ತಿಗೆ ಮಣ್ಣಿನ ಸಂದುಗಳಲ್ಲಿ ಬಿಳಿ ಎಳೆ ಇಣುಕುತ್ತದೆ. ಒಂದೇ ಜಾಗದಲ್ಲಿ ಬೇಗ ಮೇಲೆ ಬಂದಿದ್ದರೆ ಅಲ್ಲಿಗೆ ಇನ್ನೊಂದು ಚಿಟಿಕೆ ಮಣ್ಣು ಉದುರಿಸಿ.

ಎಲ್ಲ ಕಡೆ ಇಣುಕಿದ ದಿನ ನಿಮ್ಮ ಕೆಲಸ ಬದಲಾಗುತ್ತದೆ. ಕಿಟಕಿ ತೆರೆಯಿರಿ, ಬೆಳಕು ಬರಲಿ. ಬಿಸಿಲು ನೇರ ಬೀಳದಿದ್ದರಾಯಿತು. ಚೀಲದೊಳಗೆ ಶಿಲೀಂಧ್ರ ಉಸಿರಾಡಿ ತುಂಬಿದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದಾಗಲೇ ಮೊಗ್ಗು. ಗಾಳಿ ಬಿಡಲು ತಡ ಮಾಡಿ, ನೀರೂ ಜಾಸ್ತಿಯಾದರೆ ಎಳೆಗಳು ಮಣ್ಣಿನ ಮೇಲೆಲ್ಲ ಹರಡಿ ದೋಸೆಯಂಥ ಬಿಳಿ ಹಾಸು ಕಟ್ಟುತ್ತವೆ. ನೋಡಲು ಸೊಗಸು, ಫಲ ಸೊನ್ನೆ: ನೀರು ಆ ಹಾಸಿನ ಮೇಲೆ ಉರುಳಿಹೋಗುತ್ತದೆ. ಅಂಥಲ್ಲಿ ತೊಳೆದ ಫೋರ್ಕಿನಿಂದ ಮೇಲ್ಪದರವನ್ನು ಮೆಲ್ಲಗೆ ಕೆದಕಿ, ತೆಳುವಾಗಿ ಹೊಸ ಮಣ್ಣು ಉದುರಿಸಿ ಗಾಳಿ ಬಿಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ.

ಮೊಗ್ಗು ಕಂಡ ದಿನ ಸಂತೋಷಕ್ಕೆ ನೀರೆರೆಯುವುದೇ ಹಲವರ ತಪ್ಪು. ಕಡಲೆ ಗಾತ್ರಕ್ಕೆ ಬರುವವರೆಗೆ ಮೊಗ್ಗಿನ ಮೇಲೆ ನೇರ ನೀರು ಬೇಡ. ಗೋಡೆ, ನೆಲ, ನೇತುಹಾಕಿದ ಗೋಣಿಗೆ ಚಿಮುಕಿಸಿ ಗಾಳಿಯ ತೇವವನ್ನು ನೂರಕ್ಕೆ 80–90ರಲ್ಲಿ ಇಡಿ. ಟೊಪ್ಪಿಯ ಮೇಲೆ ನೀರು ಆರದೆ ನಿಂತರೆ ಕಂದು ಕಲೆ ಬೀಳುತ್ತದೆ. ಅದು ಬ್ಯಾಕ್ಟೀರಿಯಾದ ಕೆಲಸ. ಕಾಲು ಉದ್ದ, ಟೊಪ್ಪಿ ಚಿಕ್ಕದಾಗಿ ಬಂದರೆ ಗಾಳಿ ಅಥವಾ ಬೆಳಕು ಸಾಲದು ಎಂದರ್ಥ. ಮೊಗ್ಗು ಹಳದಿಯಾಗಿ ಒಣಗಿದರೆ ಕೇಸಿಂಗ್‌ನ ತಳದವರೆಗೆ ಬೆರಳಿಟ್ಟು ನೋಡಿ, ಮೇಲೆ ಒದ್ದೆ ಇದ್ದು ಕೆಳಗೆ ಒಣಗಿರುವುದುಂಟು.

ಬಿತ್ತದ ಅಣಬೆ ಬಂದರೆ

ಬೇಯಿಸದ ಮಣ್ಣು ಹಾಕಿದ ಚೀಲದಲ್ಲಿ ಕೆಲವೊಮ್ಮೆ ಬೇರೆಯದೇ ಅಣಬೆ ಏಳುತ್ತದೆ. ಸಣಕಲು ಕಾಲಿನ, ಒಂದೆರಡು ದಿನದಲ್ಲಿ ಕರಗಿ ಮಸಿಯಂತಾಗುವ ಕಳೆ ಅಣಬೆ ಇವುಗಳಲ್ಲಿ ಸಾಮಾನ್ಯ. ನಿಮ್ಮ ಚೀಲದಲ್ಲೇ ಬಂದದ್ದು ಎಂಬ ಒಂದೇ ಕಾರಣಕ್ಕೆ ತಿನ್ನಬೇಡಿ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಣಸೆಹಣ್ಣಿನಲ್ಲಿ ಕುದಿಸಿದರೆ ವಿಷ ಹೋಗುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಮಾತುಗಳು ಮೂರೂ ಸುಳ್ಳು. ಯಕೃತ್ತನ್ನು ಕೆಡಿಸುವ ಅಮಟಾಕ್ಸಿನ್‌ನಂಥ ವಿಷಗಳು ಕುದಿಸಿದರೂ ಉಳಿಯುತ್ತವೆ. ತಿಂದು ಹೊಟ್ಟೆ ಕೆಟ್ಟರೆ ಉಳಿದ ಅಣಬೆಯ ತುಂಡನ್ನು ಜೊತೆಗಿಟ್ಟುಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಾಲು ಅಣಬೆಯ ಗುರುತು ಬಿಳಿ ದಪ್ಪ ಕಾಲು, ಬಿಳಿ ಟೊಪ್ಪಿ, ಬಿಳಿ ಗರಿಗಳು. ಆದರೆ ಈ ಗುರುತು ಚೀಲದ ಬೆಳೆಗೆ ಮಾತ್ರ, ಬಯಲಿನಲ್ಲಿ ಕಂಡ ಬಿಳಿ ಅಣಬೆಗಲ್ಲ.

ಬೀಜ ಮತ್ತು ತರಬೇತಿಯ ವಿಚಾರಕ್ಕೆ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು, ದೂರವಾದರೂ ಪರವಾಗಿಲ್ಲ ಎನ್ನುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನು ವಿಚಾರಿಸಬಹುದು. ಹೋಗುವಾಗ ನಿಮ್ಮ ಕೇಸಿಂಗ್ ಮಣ್ಣಿನ ಒಂದು ಪೊಟ್ಟಣವನ್ನೂ ಒಯ್ಯಿರಿ. ಬಾಯಲ್ಲಿ ವಿವರಿಸುವುದಕ್ಕಿಂತ ಅದನ್ನು ತೋರಿಸಿ ಕೇಳುವುದು ಸುಲಭ.

ಟೊಪ್ಪಿ 7–8 ಸೆಂ.ಮೀ. ಅಗಲವಾದಾಗ ಅಣಬೆಯನ್ನು ಹಿಡಿದು ತಿರುಚಿ ಕೀಳಿ. ಚಾಕುವಿನಿಂದ ಕೊಯ್ದರೆ ಉಳಿದ ಬುಡ ಮಣ್ಣಿನಲ್ಲಿ ಕೊಳೆತು ನೊಣ ಕರೆಯುತ್ತದೆ. ಕಿತ್ತ ಗುಂಡಿಗೆ ಹೊಸದಾಗಿ ಬೇಯಿಸಿದ ಮಣ್ಣು ತುಂಬಿ, ನೀರು ಚಿಮುಕಿಸಿ ಬಿಟ್ಟರೆ ಹತ್ತು ದಿನದ ಆಸುಪಾಸಿನಲ್ಲಿ ಎರಡನೆಯ ಫಸಲು. ಮೂರನೆಯದು ಬಂದರೂ ಕಡಿಮೆಯೇ. ಆಮೇಲೆ ಆ ಮಣ್ಣನ್ನು ಇನ್ನೊಂದು ಚೀಲಕ್ಕೆ ಕೇಸಿಂಗ್ ಮಾಡಲು ಎತ್ತಿಡಬೇಡಿ, ಅದರಲ್ಲಿ ಈಗ ನೊಣದ ಮೊಟ್ಟೆಯೂ ಬೂಸ್ಟಿನ ಬೀಜಾಣುವೂ ಸೇರಿರುತ್ತವೆ. ಹುಲ್ಲಿನ ಸಮೇತ ಅಣಬೆ ಕೋಣೆಯಿಂದ ದೂರ ಒಯ್ದು ತೆಂಗಿನ ಬುಡಕ್ಕೆ ಹಾಕಿ.